ಅಲುಗದ ನೆರಳು

ನಮ್ಮೂರಿನಲ್ಲಿ ಮೋಡ ಕವಿದ ದಿನ ಯಾರೂ ಹೆಣ್ಣು ನೋಡಲು ಹೋಗುವುದಿಲ್ಲ. ಎಮ್ಮೆ ಕೊಳ್ಳುವವರು ಮಾರುವವನನ್ನು ಮೊದಲು ಬಿಸಿಲಿಗೆ ಕರೆದು ನಿಲ್ಲಿಸಿ, ಆಮೇಲೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳುತ್ತಾರೆ. ಹೇಳುವವನಿಗೆ ತನ್ನ ಮಾತಿನ ಮೇಲೆ ಖಾತ್ರಿ ಇಲ್ಲದಿದ್ದರೆ, ಅವನು ಕಂಬದ ಹಾಗೆ ನಿಂತಿದ್ದರೂ ಅವನ ನೆರಳು ಅಲುಗುತ್ತದೆ. ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಹೀಗೆಯೇ ಇದೆ. ಅದರ ಬಗ್ಗೆ ನಾವು ವಿಶೇಷವಾಗಿ ಮಾತಾಡುವುದಿಲ್ಲ. ಬಟ್ಟೆ ಅಂಗಡಿಯವರು ಬಾಗಿಲ ಮುಂದೆ ದೊಡ್ಡ ತಾಡಪಾಲು ಕಟ್ಟಿಕೊಳ್ಳುತ್ತಾರೆ. ಬಣ್ಣ ಹೋಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದ ಹೆಂಗಸರು ಸೀರೆಯ ಸೆರಗು ಹಿಡಿದುಕೊಂಡು, ಅಂಗಡಿಯವನನ್ನು ಮಾತಾಡಿಸುತ್ತ ಮಾತಾಡಿಸುತ್ತ ಬೀದಿಯ ತನಕ ಎಳೆದು ತರುತ್ತಾರೆ. ಮನೆಗೆ ಬಂದವರು ಮಾತಾಡುವಾಗ ನೆಲ ನೋಡುವುದು ಮರ್ಯಾದೆಯಲ್ಲ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೂ ಎಲ್ಲರೂ ನೋಡುತ್ತಾರೆ.

ನನ್ನ ಹೆಸರು ಫಕೀರಪ್ಪ. ಕೆರೆ ದಾರಿಯ ಮೂಲೆಯಲ್ಲಿರುವ ಹಿಟ್ಟಿನ ಗಿರಣಿ ನನ್ನದು. ನನ್ನ ನೆರಳು ಮೊದಲಿನಿಂದಲೂ ಗಟ್ಟಿಯಾಗಿ ನಿಲ್ಲುವಂಥದ್ದಲ್ಲ. ಇವತ್ತು ಯಾವ ವಾರ ಎಂದು ಕೇಳಿದರೂ ಒಂದು ಗಳಿಗೆ ಯೋಚಿಸುವ ಸ್ವಭಾವ ನನ್ನದು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಕಸ್ತೂರಿ ಇದನ್ನು ಕಂಡು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬರಬರುತ್ತ ಅವಳಿಗೆ ಅದು ನಾಚಿಕೆಯ ವಿಷಯವಾಯಿತು. "ನಾಲ್ಕು ಮಂದ್ಯಾಗ ನೀವ್ ಮಾತಾಡಬ್ಯಾಡ್ರಿ. ನಾ ಹೇಳ್ತೀನಿ," ಎನ್ನುತ್ತಿದ್ದಳು. ನನಗೂ ಅದೇ ಬೇಕಾಗಿತ್ತು. ಗಿರಣಿಯೊಳಗೆ ಬಿಸಿಲು ಬರುವುದಿಲ್ಲ, ಯಂತ್ರದ ಸದ್ದಿನಲ್ಲಿ ಮಾತಿಗೆ ಜಾಗವೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ಅಲ್ಲಿ ನಾನು ಸುಖವಾಗಿದ್ದೆ.

ಸಂತೆಯ ಮರುದಿನ ಸಂಜೆ ಬಾವಿ ಓಣಿಯಲ್ಲಿ ಆ ಕೆಟ್ಟ ಕೆಲಸ ನಡೆಯಿತು. ಪದ್ದಿ ಎಂಬ ಏಳೆಂಟು ವರ್ಷದ ಹುಡುಗಿ ಬಾವಿಯ ಮೆಟ್ಟಿಲ ಮೇಲೆ ಕೂತು ಕವಡೆ ಆಡುತ್ತಿದ್ದಳು. ಹಿಂದಿನಿಂದ ಬಂದವನೊಬ್ಬ ಅವಳ ಕಿವಿಯ ಬಂಗಾರದ ಓಲೆಗಳನ್ನು ಬಿಚ್ಚದೆಯೇ ಕಿತ್ತುಕೊಂಡ. ಎರಡೂ ಕಿವಿ ಹರಿದವು. ಮಗು ಮೆಟ್ಟಿಲಿನಿಂದ ಉರುಳಿ ಕಾಲು ಮುರಿದುಕೊಂಡಿತು; ಅವನ ಮುಖವನ್ನು ಅದು ನೋಡಲೇ ಇಲ್ಲ. ನೋಡಿದವರು ಒಬ್ಬರೇ, ಅವಳ ಅಜ್ಜಿ ನೀಲಗಂಗವ್ವ. ಕೂಗು ಕೇಳಿ ಬಾಗಿಲಿಗೆ ಬಂದಾಗ ಓಡುತ್ತಿದ್ದವನು ಒಮ್ಮೆ ತಿರುಗಿ ನೋಡಿದನಂತೆ. ದೀಪ ಹಚ್ಚುವ ಹೊತ್ತು. ಎಲೆ ಮಡಿಸಿ ಬಾಯಿಗಿಟ್ಟುಕೊಳ್ಳುವಷ್ಟೂ ಸಮಯ ಇರಲಿಲ್ಲ.

ನೀಲಗಂಗವ್ವ ಊರಿನ ಸೂಲಗಿತ್ತಿ. ಅವರ ಕೈಯಲ್ಲಿ ಹುಟ್ಟದವರು ನಮ್ಮೂರಿನಲ್ಲಿ ಕಡಿಮೆ. ಆದರೆ ನಾನು ಹುಟ್ಟಿದ್ದು ನನ್ನ ಅವ್ವನ ತೌರಿನಲ್ಲಿ, ನನ್ನ ಮಗಳು ಹುಟ್ಟಿದ್ದು ಕಸ್ತೂರಿಯ ತೌರಿನಲ್ಲಿ; ಹಾಗಾಗಿ ಅವರಿಗೆ ನನ್ನ ಗುರುತಿರಲಿಲ್ಲ. ಹೆರಿಗೆಯ ಮನೆಯಿಂದ ಅವರು ಹೊರಗೆ ಬಂದರೆ, ಗಂಡಸರು ಅವರನ್ನು ಅಂಗಳದ ಬಿಸಿಲಿಗೆ ಕರೆದು ಕೇಳುವ ಅಗತ್ಯವೇ ಇರಲಿಲ್ಲ. ಅವರೇ ಬಿಸಿಲಿಗೆ ಬಂದು ನಿಂತು, "ತಾಯಿ ಉಳೀತಾಳ," ಎಂದೋ, "ನನ್ನ ಕೈಯಾಗ ಇಲ್ಲಪಾ, ದೊಡ್ಡ ದವಾಖಾನಿಗೆ ಒಯ್ಯಿರಿ," ಎಂದೋ ಹೇಳುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವರಲ್ಲ. ಸುಳ್ಳು ಆಡುವ ಹೆಂಗಸು ಅವರಲ್ಲ. ಆಗಲೂ ಅಲ್ಲ, ಆಮೇಲೂ ಅಲ್ಲ.

ಆ ಸಂಜೆ ಕರೆಂಟು ಹೋಗಿದ್ದರಿಂದ ನಾನು ಗಿರಣಿಯನ್ನು ಬೇಗ ಮುಚ್ಚಿದ್ದೆ. ಮೈತೊಳೆದುಕೊಳ್ಳಲು ಕಾಲುವೆಗೆ ಹೋಗಿ, ಅಲ್ಲಿಯೇ ತಂಪಿಗೆ ಕೂತು, ಕತ್ತಲಾದ ಮೇಲೆ ಮನೆಗೆ ಬಂದೆ. ಅಲ್ಲಿ ನನ್ನನ್ನು ಯಾರೂ ಕಂಡಿರಲಿಲ್ಲ. ಚಾವಡಿಯ ದಫೇದಾರ ಬಾಳಪ್ಪ, ಆ ಹೊತ್ತಿನಲ್ಲಿ ಎಲ್ಲಿದ್ದೆವು ಎಂದು ತೋರಿಸಿಕೊಡಲಾಗದ ಗಂಡಸರನ್ನೆಲ್ಲ ಮರುದಿನ ಕರೆಸಿದ. ಅವರಲ್ಲಿ ನಾನೂ ಒಬ್ಬ. ಕಸ್ತೂರಿ ನನಗೆ ಎಣ್ಣೆ ಹಚ್ಚಿ ಮೀಯಿಸಿ, ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ಕೊಟ್ಟು, "ಸ್ವಚ್ಛ ಆಗಿ ಹೋದ್ರ ಮಂದಿ ಮರ್ಯಾದಿ ಕೊಡ್ತಾರ," ಎಂದು ಕಳಿಸಿದಳು.

ಚಾವಡಿಯ ಅಂಗಳದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ನೀಲಗಂಗವ್ವ ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಇಡೀ ರಾತ್ರಿ ಮೊಮ್ಮಗಳ ಪಕ್ಕ ಕೂತಿದ್ದ ಅವರ ಕಣ್ಣುಗಳು ಕೆಂಪಾಗಿದ್ದವು. ನನ್ನ ಮುಂದೆ ನಿಂತರು. ದಾಟಿ ಮುಂದೆ ಹೋದರು. ಮತ್ತೆ ತಿರುಗಿ ಬಂದರು.

"ಈ ಮುಖ ನೋಡಿದಂಗ ಐತಿ," ಎಂದರು. "ಎಲ್ಲೋ ನೋಡೀನಿ. ಇಂವನ ಇರಬೇಕು."

ನಾನು ನೆಲ ನೋಡಿದೆ. ಅವರ ನೆರಳು ಗಾಳಿಗೆ ಸಿಕ್ಕ ತುಳಸಿ ಗಿಡದ ಹಾಗೆ ಅಲುಗುತ್ತಿತ್ತು. ಬಾಳಪ್ಪನೂ ಅದನ್ನು ನೋಡಿದ. ನೋಡಿ, ಅವರ ಭುಜದ ಮೇಲೆ ಕೈಯಿಟ್ಟು ಹೇಳಿದ: "ಸರಿಯಾಗಿ ಹಿಡದ್ರಿ ಅವ್ವಾ. ನಮಗೂ ಇವನ ಮ್ಯಾಲ ಸಂಶೆ ಇತ್ತು. ಗಿರಣಿ ಯಾಕ ಲಗೂನ ಮುಚ್ಚಿದ್ದ ಇಂವ?"

ನೀಲಗಂಗವ್ವ ದೊಡ್ಡದಾಗಿ ಉಸಿರು ಬಿಟ್ಟರು. ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿದ ಹಾಗೆ ಅವರ ಮೈ ಸಡಿಲವಾಯಿತು. "ಹೌದನು? ನಿಮಗೂ ಹಂಗ ಅನಿಸಿತ್ತನು?" ಎಂದು ಕೇಳಿದರು. ಬಾಳಪ್ಪ ಹೌದೆಂದ. ಅವರು ನನ್ನನ್ನು ಇನ್ನೊಮ್ಮೆ, ಈಗ ಬೇರೆ ಥರ, ನೋಡಿದರು. ನಾನು ಏನೂ ಮಾಡಿರಲಿಲ್ಲ. ಆದರೂ ಬೀದಿಯಲ್ಲಿ ಧೋತರ ಉದುರಿ ಬಿದ್ದವನ ಹಾಗೆ ನಾಚಿಕೆಯಾಯಿತು.

ಚಾವಡಿಯಲ್ಲಿ ಅಲುಗಿದ ನೆರಳನ್ನು ನಮ್ಮೂರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನ್ಯಾಯದ ಕಟ್ಟೆಯ ಮೇಲೆ, ಪಂಚರ ಎದುರು ನಿಂತಾಗಿನ ನೆರಳೇ ನೆರಳು. ಅಲ್ಲಿ ಅದು ನಿಂತರೆ ಮತ್ತೆ ವಿಚಾರಣೆ ಇಲ್ಲ. ಕಟ್ಟೆ ಕೂಡುವುದು ಅಮಾವಾಸ್ಯೆ ಕಳೆದ ಮೇಲೆ. ಅಲ್ಲಿಯವರೆಗೆ ನನ್ನನ್ನು ಚಾವಡಿಯ ಕೋಣೆಯಲ್ಲಿ ಕೂಡಿಹಾಕಿದರು.

ಕಸ್ತೂರಿ ದಿನವೂ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಮೊದಲ ದಿನವೇ ಅವಳು ಬಾಳಪ್ಪನ ಕೈಕಾಲು ಹಿಡಿದು ನನ್ನನ್ನು ಅಂಗಳಕ್ಕೆ ಬಿಡಿಸಿದಳು. "ನನ್ನ ಮುಖ ನೋಡಿ ಹೇಳ್ರಿ," ಎಂದಳು, ಆದರೆ ಅವಳು ನೋಡಿದ್ದು ನನ್ನ ಕಾಲ ಬಳಿಯ ನೆಲವನ್ನು. "ನಾ ಅಲ್ಲ," ಎಂದೆ. ಹುಟ್ಟಿದಾರಭ್ಯ ನನ್ನ ನೆರಳು ಹಾಗೆ ನಿಂತದ್ದನ್ನು ನಾನೇ ನೋಡಿರಲಿಲ್ಲ. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಕು. ಕಟ್ಟಿ ಮ್ಯಾಲ ಹಿಂಗ ನಿಂದರ್ರಿ," ಎಂದಳು.

ಆಮೇಲೆ ಅವಳು ತರುತ್ತಿದ್ದ ಸುದ್ದಿಗಳು ಬದಲಾಗುತ್ತ ಹೋದವು. ನೀಲಗಂಗವ್ವನ ಮನೆಗೆ ಊರಿಗೆ ಊರೇ ಹೋಗುತ್ತಿತ್ತು. ಮಗುವನ್ನು ನೋಡಲು ಹೋದ ಹೆಂಗಸರು, ಏನಾಯಿತು, ಹೇಗಾಯಿತು, ಅವನು ಹೇಗೆ ತಿರುಗಿ ನೋಡಿದ ಎಂದು ಕೇಳುತ್ತಿದ್ದರು. ನೀಲಗಂಗವ್ವ ಹೇಳುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಅವರ ಮಾತು ಸರಾಗವಾಗುತ್ತಿತ್ತು. ಮೊದಲು "ಇರಬೇಕು" ಎಂದಿದ್ದವರು "ಇಂವನ" ಎಂದರು. ಒಂದು ದಿನ ಕಸ್ತೂರಿ ಬಂದವಳೇ ರೊಟ್ಟಿಯ ಗಂಟು ಬಿಚ್ಚದೆ ಕೂತಳು.

"ನಿಮ್ಮ ಹುಬ್ಬಿನ ಮ್ಯಾಲಿನ ಗಾಯದ ಕಲಿ ಕಂಡೆ ಅಂತಾರ."

"ಯಾವಾಗ?"

"ಆ ಸಂಜಿಗೆ. ಓಡೂ ಮುಂದ ನೀವು ತಿರುಗಿ ನೋಡಿದ್ರಂತಲ್ಲ, ಆವಾಗ."

ಗಿರಣಿಯ ಪಟ್ಟಿ ಹರಿದು ಬಡಿದಾಗ ಆದ ಕಲೆ ಅದು. ಅವರು ಅದನ್ನು ನೋಡಿದ್ದು ಚಾವಡಿಯ ಅಂಗಳದಲ್ಲಿ, ನನ್ನ ಮುಂದೆ ಗೇಣು ದೂರದಲ್ಲಿ ನಿಂತಾಗ. ಹಾಗೆಂದು ಕಸ್ತೂರಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಆದರೆ ಏಳುವಾಗ, ಎಲ್ಲೋ ನೋಡುತ್ತ, "ನೀವು ಕಾಲವಿಗೆ ಹ್ವಾದ್ರಿ. ಬಾವಿ ಓಣಿ ಹಾಯ್ದು ಹೋಗಲಿಲ್ಲ ಹೌದಲ್ಲ?" ಎಂದು ಕೇಳಿದಳು.

ನಾನು ಕಾಲುವೆಗೆ ಎರಡು ದಾರಿಯಲ್ಲಿ ಹೋಗುತ್ತಿದ್ದೆ. ಒಮ್ಮೊಮ್ಮೆ ಕೆರೆ ಏರಿಯ ಮೇಲೆ, ಒಮ್ಮೊಮ್ಮೆ ಬಾವಿ ಓಣಿಯ ಮೂಲಕ. ಆ ದಿನ ಏರಿಯ ಮೇಲೆ ಹೋಗಿದ್ದೆ ಎಂದುಕೊಂಡಿದ್ದೆ. ಅವಳು ಕೇಳಿದ ಮೇಲೆ ನೆನಪು ಮಾಡಿಕೊಳ್ಳತೊಡಗಿದೆ. ಕೋಣೆಯಲ್ಲಿ ಬೇರೆ ಕೆಲಸವಿರಲಿಲ್ಲ. ಏರಿಯ ಮೇಲೆ ಹೋಗುತ್ತಿರುವ ನನ್ನನ್ನು ಕಂಡೆ. ಬಾವಿ ಓಣಿಯಲ್ಲಿ ಹೋಗುತ್ತಿರುವ ನನ್ನನ್ನೂ ಅಷ್ಟೇ ಚೆನ್ನಾಗಿ ಕಂಡೆ. ಎಷ್ಟೋ ಸಲ ಎರಡೂ ಕಡೆ ಹೋದವನು, ಯಾವುದು ಆ ದಿನದ್ದು ಎಂದು ಹೇಗೆ ಹೇಳಲಿ? ಮೆಟ್ಟಿಲ ಮೇಲೆ ಕೂತ ಮಗುವಿನ ಬೆನ್ನು ಕೂಡ ಒಂದು ಸಲ ಕಣ್ಣಿಗೆ ಕಟ್ಟಿತು. ಕೇಳಿ ಕೇಳಿ ಕಟ್ಟಿತೋ, ಕಂಡು ಕಟ್ಟಿತೋ ತಿಳಿಯಲಿಲ್ಲ. ಎದ್ದು ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡೆ.

ಕಟ್ಟೆ ಕೂಡಿದ ದಿನ ಆಕಾಶದಲ್ಲಿ ಒಂದು ಅರಳೆಯಷ್ಟೂ ಮೋಡ ಇರಲಿಲ್ಲ. ನೆರಳು ಆಳುದ್ದ ಇರುವ ಹೊತ್ತಿಗೆ ಪಂಚರು ಬಂದು ಕೂತರು. ಹಿರಿಯ ಪಂಚ ಶಿವಮೂರ್ತೆಪ್ಪನವರು ನೀಲಗಂಗವ್ವನನ್ನು ಕರೆದು, ಕಂಡದ್ದನ್ನು ಹೇಳಲು ಹೇಳಿದರು. ಅವರು ಹೇಳಿದರು. ಇಡೀ ಊರು ಕಟ್ಟೆಯ ಸುತ್ತ ನಿಂತು ಕಲ್ಲಿನ ಮೇಲೆ ಬಿದ್ದ ಆ ಮುದುಕಿಯ ನೆರಳನ್ನು ನೋಡುತ್ತಿತ್ತು. ಬಿಳಿ ಅಂಗಿ ಎಂದರು, ಅಲುಗಲಿಲ್ಲ. ಹುಬ್ಬಿನ ಕಲೆ ಎಂದರು; ಅಲುಗಲಿಲ್ಲ. "ಇಂವನ. ಸಾಯೂತನಕ ಈ ಮುಖ ಮರೆಯೂದಿಲ್ಲ," ಎಂದು ನನ್ನ ಕಡೆ ಕೈ ಮಾಡಿದಾಗ ಕೈಯ ನೆರಳು ಮಾತ್ರ ಸರಿಯಿತು, ಮೈಯ ನೆರಳು ಕಲ್ಲಿನಲ್ಲಿ ಕೊರೆದ ಹಾಗೆ ನಿಂತಿತ್ತು.

ಆರೋಪಿಗೆ ಒಂದು ಪ್ರಶ್ನೆ ಕೇಳುವ ಹಕ್ಕಿದೆ. ನಾನು ಕೈ ಮುಗಿದು ಕೇಳಿದೆ: "ಅವ್ವಾ, ಚಾವಡ್ಯಾಗ ಮೊದಲನೇ ಸಲ ನನ್ನ ನೋಡಿದಾಗ ನಿಮಗ ಖಾತ್ರಿ ಇರಲಿಲ್ಲ. ನಿಮ್ಮ ನೆರಳು ಅಲುಗಿತ್ತು. ನಾ ನೋಡೀನಿ. ಹೌದಲ್ಲ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಲ್ಲಪಾ. ನಿನ್ನ ಕಂಡ ಕೂಡಲೇ ನನಗ ಖಾತ್ರಿ ಆತು. ಆವಾಗೂ ಖಾತ್ರಿನ ಇತ್ತು."

ಆಗಲೂ ನೆರಳು ಅಲುಗಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನೆನಪಿದ್ದದ್ದೇ ಹಾಗೆ. ನಾನು ಬಾಳಪ್ಪನ ಕಡೆ ನೋಡಿದೆ. ಅವನು ಬೇವಿನ ಮರದ ಕೆಳಗೆ, ಮರದ ನೆರಳಿನೊಳಗೆ ತನ್ನ ನೆರಳನ್ನು ಸೇರಿಸಿಕೊಂಡು ನಿಂತಿದ್ದ. ಶಿವಮೂರ್ತೆಪ್ಪನವರು ಕೇಳಿದಾಗ, "ನನಗ ಅಷ್ಟು ಧ್ಯಾಸ ಇಲ್ರಿ," ಎಂದ.

ಕೊನೆಗೆ ನನ್ನನ್ನು ನಿಲ್ಲಿಸಿದರು. "ನೀನು ಆ ಹೊತ್ತಿಗೆ ಬಾವಿ ಓಣ್ಯಾಗ ಇದ್ದ್ಯೋ ಇಲ್ಲೋ?"

ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ತೆರೆದಾಗ ಏರಿಯೂ ಕಂಡಿತು, ಓಣಿಯೂ ಕಂಡಿತು. ಎದುರಿಗೆ ಊರಿನಲ್ಲಿ ಎಲ್ಲರಿಗಿಂತ ಸತ್ಯವಂತೆಯಾದ ಹೆಂಗಸು ನಿಂತಿದ್ದರು. "ಇಲ್ರಿ," ಎಂದೆ. ನನ್ನ ನೆರಳು ಬಿಸಿ ಹಂಚಿನ ಮೇಲೆ ಬಿದ್ದ ನೀರಿನ ಹಾಗೆ ಚದುರಿ ಕುಣಿಯಿತು. ಜನ ಹೋ ಎಂದು ಕೂಗಿದರು. ಯಾರೋ ಒಂದು ಮಣ್ಣಿನ ಹೆಂಟೆ ಎಸೆದರು. "ಓಲೆ ನಾ ಕಿತ್ತಿಲ್ರಿ," ಎಂದೆ. ಅದಕ್ಕೂ ಅಲುಗಿತು. ಆ ಗದ್ದಲದಲ್ಲಿ ನಾನು ಕಸ್ತೂರಿಯನ್ನು ಹುಡುಕಿದೆ. ಅವಳ ಸೊಂಟಕ್ಕೆ ಅಂಟಿಕೊಂಡು ನನ್ನ ಮಗಳು ಚಂಪಾ ನಿಂತಿದ್ದಳು, ಪದ್ದಿಯದೇ ವಯಸ್ಸು. ನಾನು ಅವಳತ್ತ ನೋಡಿದ ಕೂಡಲೇ ಆ ಮಗು ಎರಡೂ ಕೈಗಳಿಂದ ತನ್ನ ಕಿವಿ ಮುಚ್ಚಿಕೊಂಡಿತು.

ಹೆಂಟೆ ಬಿದ್ದಲ್ಲಿ ನನಗೆ ನೋವಾಗಲಿಲ್ಲ. ಆ ಎರಡು ಪುಟ್ಟ ಕೈಗಳನ್ನು ಕಂಡು ಭೂಮಿಯೊಳಗೆ ಇಳಿದುಹೋಗಬೇಕು ಎನ್ನಿಸಿತು.

ಗುಡ್ಡದ ಆಚೆಯ ಸುಣ್ಣದ ಭಟ್ಟಿಗೆ ನನ್ನನ್ನು ಕಳಿಸಿದರು. ತಪ್ಪು ಮಾಡಿದವರು ಅಲ್ಲಿ ಕಲ್ಲು ಸುಡುತ್ತಾರೆ. ಕಳ್ಳರು, ಕುಡಿದು ಹೊಡೆದಾಡಿದವರು, ಅಣ್ಣನ ಬಣವೆಗೆ ಬೆಂಕಿ ಇಟ್ಟವನೊಬ್ಬ. ಅವರು ಕೂಡ ನನ್ನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. "ಕೂಸಿನ ಕಿವಿ ಹರದಾಂವ" ಎಂಬುದೇ ನನ್ನ ಹೆಸರಾಯಿತು. ಕಲ್ಲು ಹೊರುತ್ತ ಒಬ್ಬನೇ ಇರುವಾಗ, ಯಾರೂ ನೋಡುತ್ತಿಲ್ಲ ಎಂದು ಗೊತ್ತಾದಾಗ, ಬಿಸಿಲಿಗೆ ನಿಂತು "ನಾ ಅಲ್ಲ" ಎಂದು ಹೇಳಿ ನೋಡುತ್ತಿದ್ದೆ. ಕೆಲವು ದಿನ ನೆರಳು ನಿಲ್ಲುತ್ತಿತ್ತು. ಕೆಲವು ದಿನ ಅಲುಗುತ್ತಿತ್ತು. ಅಲುಗಿದ ದಿನ ಊಟ ಸೇರುತ್ತಿರಲಿಲ್ಲ. ಬರಬರುತ್ತ ಹೇಳುವುದನ್ನೇ ಬಿಟ್ಟೆ. ಮಾಡಿದ್ದರೆ ಮಾಡಿರಬಹುದು ಎಂದುಕೊಂಡರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಹಾಗೆ ನಿದ್ದೆ ಮಾಡಿದೆನಲ್ಲ ಎಂಬುದು ಈಗಲೂ ನನ್ನನ್ನು ಸುಡುತ್ತದೆ.

ಎರಡನೆಯ ಬೇಸಿಗೆಯಲ್ಲಿ ಬಾಳಪ್ಪ ಗುಡ್ಡ ಹತ್ತಿ ಬಂದ. ಕೊಡೆ ಹಿಡಿದುಕೊಂಡಿದ್ದ. "ನಡಿ ಫಕೀರಪ್ಪ, ಮನಿಗೆ," ಎಂದ. ಪಕ್ಕದ ಊರಿನ ಸಂತೆಯಲ್ಲಿ ಇನ್ನೊಂದು ಮಗುವಿನ ಕಿವಿಗೆ ಕೈ ಹಾಕಿದವನನ್ನು ಆ ಮಗುವಿನ ತಂದೆಯೇ ಹಿಡಿದಿದ್ದನಂತೆ. ಅವನ ಚೀಲದಲ್ಲಿ ಪದ್ದಿಯ ಓಲೆಗಳಲ್ಲಿ ಒಂದು ಸಿಕ್ಕಿತ್ತು. ಬಾವಿ, ಮೆಟ್ಟಿಲು, ಕವಡೆ, ಬಾಗಿಲಿಗೆ ಬಂದ ಮುದುಕಿ, ಎಲ್ಲವನ್ನೂ ಅವನೇ ಹೇಳಿದ್ದ.

ಚಾವಡಿಯಲ್ಲಿ ಅವನನ್ನು ನೋಡಿದೆ. ನನಗಿಂತ ಗೇಣುದ್ದ ಎತ್ತರ. ಚಪ್ಪಟೆ ಮೂಗು, ಮುಂದೆ ಬಂದ ಹಲ್ಲು, ಕಪ್ಪು ಮೈಬಣ್ಣ. ಹುಬ್ಬಿನ ಮೇಲೆ ಯಾವ ಕಲೆಯೂ ಇರಲಿಲ್ಲ. ನಮ್ಮಿಬ್ಬರಲ್ಲಿ ಒಂದೇ ಥರ ಇದ್ದದ್ದು ಏನೆಂದು ಬಹಳ ಹೊತ್ತು ಹುಡುಕಿದೆ. ಇಬ್ಬರೂ ಗಂಡಸರು ಎಂಬುದನ್ನು ಬಿಟ್ಟರೆ ಏನೂ ಸಿಗಲಿಲ್ಲ.

ನಾನು ಊರಿಗೆ ಬಂದ ಮೂರನೆಯ ದಿನ ಮೋಡ ಕವಿಯಿತು. ಅವತ್ತು ಮನೆ ತುಂಬ ಜನ. ಒಬ್ಬರು ಬೆಲ್ಲ ತಂದರು, ಒಬ್ಬರು ಕಡಬು ತಂದರು. "ನಮಗ ಮೊದಲ ಗೊತ್ತಿತ್ತು, ನಿನ್ನಂಥಾಂವ ಅಂಥಾ ಕೆಲಸ ಮಾಡಾಕ ಸಾಧ್ಯನ ಇಲ್ಲ," ಎಂದರು. ಶಿವಮೂರ್ತೆಪ್ಪನವರೂ ಬಂದು ಹಾಗೆಯೇ ಹೇಳಿದರು. ಮೋಡದ ದಿನದ ಮಾತು. ಯಾರೂ ನೆಲ ನೋಡಲಿಲ್ಲ, ಎಲ್ಲರೂ ನನ್ನ ಮುಖ ನೋಡಿಯೇ ಮಾತಾಡಿದರು. ನಾನೂ ಹೂಂಗುಟ್ಟಿದೆ. ಅವರೆಲ್ಲ ಹೋದ ಮೇಲೆ ಕಸ್ತೂರಿ ಅಡುಗೆಮನೆಯ ಕತ್ತಲಲ್ಲಿ, ನನಗೆ ಬೆನ್ನು ಮಾಡಿ ಪಾತ್ರೆ ತಿಕ್ಕುತ್ತ, "ನೀವ ಮಾಡೀರಿ ಅಂತ ನಾನೂ ನಂಬಿದ್ದೆ," ಎಂದಳು. "ನಾನೂ," ಎಂದೆ. ಅವಳು ತಿಕ್ಕುವುದನ್ನು ನಿಲ್ಲಿಸಿ ಅಳತೊಡಗಿದಳು.

ನೀಲಗಂಗವ್ವ ಮಾತ್ರ ಬರಲಿಲ್ಲ. ನಿಜವಾದ ಕಳ್ಳ ಸಿಕ್ಕಿದ ದಿನದಿಂದ ಅವರು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಹೆರಿಗೆಗೆ ಕರೆಯಲು ಹೋದವರಿಗೆ, "ನನ್ನ ಕಣ್ಣ ನಂಬಬ್ಯಾಡ್ರಿ," ಎಂದು ಹೇಳಿ ಕಳಿಸುತ್ತಿದ್ದರಂತೆ.

ನಾನು ಮತ್ತೆ ಗಿರಣಿ ನಡೆಸತೊಡಗಿದೆ. ಮೈಮೇಲೆ ಹಿಟ್ಟು ಕೂತ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಒಂದು ದಿನ ಬೆಳಿಗ್ಗೆ, ಬಿಸಿಲು ಬೀದಿಯ ತುಂಬ ಬಿದ್ದಿರುವಾಗ, ಹೊರಗೆ ಜನ ಸೇರುತ್ತಿರುವುದು ಕಂಡಿತು. ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದೆ. ನೀಲಗಂಗವ್ವ ಬೀದಿಯ ನಡುವೆ ನಿಂತಿದ್ದರು. ಸೊರಗಿ ಅರ್ಧವಾಗಿದ್ದರು. ಮೋಡದ ದಿನಗಳು ಬಂದು ಹೋಗಿದ್ದವು. ಅವರು ಬೇಕೆಂದೇ ಬಿಸಿಲಿಗೆ ಕಾದು ಬಂದಿದ್ದರು. ಅವರ ಹಿಂದೆ ಅರ್ಧ ಊರು ನೆರೆದಿತ್ತು.

"ಫಕೀರಪ್ಪ," ಎಂದರು. "ಕಟ್ಟಿ ಮ್ಯಾಲ ಎಲ್ಲಾರ ಮುಂದ ಹೇಳಿದ್ದೆ. ಇವತ್ತೂ ಎಲ್ಲಾರ ಮುಂದ ಹೇಳ್ತೀನಿ. ನಂದು ತಪ್ಪಾತು. ಅವತ್ತ ನಾ ಕಂಡಾಂವ ನೀ ಅಲ್ಲ."

ಅವರ ನೆರಳು ಅಲುಗಿತು.

ಸ್ವಲ್ಪವಲ್ಲ. ತಲೆಯಿಂದ ಪಾದದವರೆಗೆ ಅಲುಗಿತು. ಗುಂಪಿನಲ್ಲಿ ಯಾರೋ ಹಾ ಎಂದು ಉಸಿರೆಳೆದರು. ನೀಲಗಂಗವ್ವ ಕೆಳಗೆ ನೋಡಿ ಬೆಚ್ಚಿದರು. "ನೀ ಅಲ್ಲ," ಎಂದು ಮತ್ತೆ ಹೇಳಿದರು, ಗಟ್ಟಿಯಾಗಿ. ಇನ್ನೂ ಹೆಚ್ಚು ಅಲುಗಿತು. ಹಿಂದಿನಿಂದ ಒಂದು ದನಿ, "ನೆರಳ ಒಪ್ಪವಲ್ದು ನೋಡು," ಎಂದಿತು. ಕಳ್ಳ ಸಿಕ್ಕಿದ್ದ, ಓಲೆ ಸಿಕ್ಕಿತ್ತು, ಅವನೇ ಒಪ್ಪಿಕೊಂಡಿದ್ದ. ಆದರೂ ಆ ಗಳಿಗೆಯಲ್ಲಿ ಅಷ್ಟು ಜನರ ಕಣ್ಣು ಹಳೆಯ ಕಣ್ಣುಗಳೇ ಆಗಿ ನನ್ನ ಕಡೆ ತಿರುಗಿದವು.

"ಒಳಗ ಬರ್ರಿ ಅವ್ವಾ," ಎಂದು ನಾನು ಅವರ ಕೈ ಹಿಡಿದು ಗಿರಣಿಯೊಳಗೆ ಕರೆದುಕೊಂಡು ಹೋದೆ. ಹಿಟ್ಟಿನ ಚೀಲದ ಮೇಲೆ ಕೂರಿಸಿ ನೀರು ಕೊಟ್ಟೆ. ನೀರು ಸೀರೆಯ ಮೇಲೆಲ್ಲ ಚೆಲ್ಲಿತು.

"ನನಗ ಗೊತ್ತೈತಿಪಾ, ನೀ ಅಲ್ಲ ಅಂತ," ಎಂದರು. "ಆ ಇನ್ನೊಬ್ಬನ್ನೂ ಚಾವಡಿಗೆ ಹೋಗಿ ನೋಡಿ ಬಂದೆ. ಅವನ ಮುಖ ನನಗ ಏನೂ ಹೇಳವಲ್ದು. ಕಣ್ಣ ಮುಚ್ಚಿದ್ರ ಓಡಾಂವ ನೀನ, ತಿರುಗಿ ನೋಡಾಂವ ನೀನ. ಗಾಯದ ಕಲಿ ಸೈತ. ಏನ್ ಮಾಡ್ಲಿ? ಕಣ್ಣ ಕಿತ್ತೊಗಿಲ್ಯಾ?"

"ಅಂಥಾ ಮಾತು ಬ್ಯಾಡ್ರಿ."

ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬಿಳಿಯಾಗಿದ್ದ ನನ್ನನ್ನು ನೋಡುತ್ತಲೇ ಇದ್ದರು. ಅವರ ಬಾಯಿ ಸ್ವಲ್ಪ ತೆರೆಯಿತು.

"ಅಯ್ಯ ಶಿವನ," ಎಂದರು. "ಸೊಸಿ ತೌರಿಗೆ ಹೋದಾಗ ಜ್ವಾಳ ತಗೊಂಡು ನಾನ ಬಂದಿದ್ದೆ ಇಲ್ಲಿಗೆ. ಬುಟ್ಟಿ ಎತ್ತಾಕ ಬರವಲ್ದಾಗಿತ್ತು. ನೀ ಎತ್ತಿ ತಲಿ ಮ್ಯಾಲ ಇಟ್ಟಿ. ಹೌದಲ್ಲ?"

ಇಟ್ಟಿರಬಹುದು. ಎಷ್ಟೋ ಜನರಿಗೆ ಹಾಗೆ ಬುಟ್ಟಿ ಎತ್ತಿ ಇಟ್ಟಿದ್ದೇನೆ. ನನಗೆ ನೆನಪಿರಲಿಲ್ಲ.

"ಇಲ್ಲೇ ನೋಡಿದ್ದೆ ನಿನ್ನ. ಅದಕ ಚಾವಡ್ಯಾಗ ನೋಡಿದಂಗ ಆತು. ನೋಡಿದ್ದು ಖರೇನ. ಎಲ್ಲಿ ಅಂತ ತಿಳೀಲಿಲ್ಲ…" ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಉಪಕಾರ ಮಾಡಿದ್ದಕ್ಕೆ ನೆನಪಿನಲ್ಲಿ ಉಳಿದ ಮುಖ ಅದು. ಅದನ್ನು ತೆಗೆದು ಆ ಕಳ್ಳನ ಮೈಮೇಲೆ ಇಟ್ಟಿದ್ದರು. ಅವರ ಬೆನ್ನು ಕುಲುಕುವುದನ್ನು ನೋಡುತ್ತ ನಿಂತಿದ್ದ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ದೊಡ್ಡವರೊಬ್ಬರನ್ನು ನೋಡಬಾರದ ಸ್ಥಿತಿಯಲ್ಲಿ ನೋಡಿದ ಹಾಗೆ ನಾಚಿಕೆಯಾಗಿ ಮುಖ ತಿರುಗಿಸಿದೆ.

ಹೊರಗೆ ಜನ ಹೋಗಿರಲಿಲ್ಲ. ನೀಲಗಂಗವ್ವ ಕಣ್ಣೊರೆಸಿಕೊಂಡು ಎದ್ದರು. "ಹೊರಗ ಹೋಗಿ ಹೇಳ್ತೀನಿ."

"ಬ್ಯಾಡ್ರಿ ಅವ್ವಾ. ಹಿಂದಿನ ಬಾಗಲದಿಂದ ಮನಿ ಮುಟ್ಟಸ್ತೀನಿ."

"ಯಾಕ?"

ನಾನು ಅವರ ಕೈ ಹಿಡಿದು ಹಿಂದಿನ ಬಾಗಿಲ ಕಡೆ ತಿರುಗಿದೆ. ಮತ್ತೊಮ್ಮೆ ಅವರ ನೆರಳು ಅಲುಗಿದರೆ ನಾನು ಉಳಿಯುವುದಿಲ್ಲ ಎಂಬ ಭಯ ಅದು. ಅದು ಅವರಿಗೆ ತಿಳಿಯಿತು. ಹೆರಿಗೆಯ ನೋವಿನಲ್ಲಿರುವವರನ್ನು ನೋಡುವ ಹಾಗೆ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕೈ ಬಿಡಿಸಿಕೊಂಡು ಹೊಸಿಲು ದಾಟಿದರು.

ನಾನು ಒಳಗೇ ನಿಂತೆ. ಬಾಗಿಲ ಚೌಕಟ್ಟಿನಲ್ಲಿ ಅವರ ಬೆನ್ನು ಕಾಣುತ್ತಿತ್ತು, ಮತ್ತು ಹೊಸಿಲಿನ ಆಚೆ ಬಿಳಿ ಧೂಳಿನ ಮೇಲೆ ಬಿದ್ದ ಅವರ ನೆರಳು.

"ಅವತ್ತ ನಾ ಕಂಡ ಮುಖ ಯಾವುದು ಅಂತ ನನಗ ಗೊತ್ತಿಲ್ಲ," ಎಂದರು ನೀಲಗಂಗವ್ವ. "ಇವತ್ತೂ ಗೊತ್ತಿಲ್ಲ. ಕಟ್ಟಿ ಮ್ಯಾಲ ನಿಂತು ಹೇಳಿದ ದಿನಾನೂ ನನಗ ಗೊತ್ತಿರಲಿಲ್ಲ. ಗೊತ್ತೈತಿ ಅಂತ ಅನಿಸಿತ್ತು, ಅಷ್ಟ."

ನೆರಳು ನಿಂತಿತ್ತು. ಗಾಳಿಗೆ ಅವರ ಸೆರಗು ಹಾರುತ್ತಿತ್ತು, ಅದರ ನೆರಳು ಹಾರುತ್ತಿತ್ತು. ಮೈಯ ನೆರಳು ಮಾತ್ರ ಕಟ್ಟೆಯ ಕಲ್ಲಿನ ಮೇಲೆ ನಿಂತ ಹಾಗೆಯೇ, ಒಂದು ಕೂದಲಿನಷ್ಟೂ ಸರಿಯದೆ ನಿಂತಿತ್ತು.

ಅವರು ಹೇಳಿದ್ದರ ಅರ್ಥ ಒಬ್ಬೊಬ್ಬರಿಗೇ ಆಗುತ್ತ ಬಂದದ್ದನ್ನು ನಾನು ಒಳಗಿನಿಂದ ನೋಡಿದೆ. ಮೊದಲು ಹೆಂಗಸರು ಸರಿದರು. ಆಮೇಲೆ ಗಂಡಸರು, ಅಂಗಡಿಗೆ ಹೊತ್ತಾಯಿತು, ದನಕ್ಕೆ ನೀರು ಕುಡಿಸಬೇಕು ಎನ್ನುತ್ತ. ಶಿವಮೂರ್ತೆಪ್ಪನವರು ಎಲ್ಲರಿಗಿಂತ ಕೊನೆಗೆ ಹೋದರು. ಅವರು ಆ ಕಟ್ಟೆಯ ಮೇಲೆ ಕೂತು, ಅಲುಗದ ನೆರಳನ್ನು ನಂಬಿ ನ್ಯಾಯ ಹೇಳತೊಡಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಏನನ್ನೋ ಲೆಕ್ಕ ಹಾಕುವವರ ಹಾಗೆ ತುಟಿ ಅಲುಗಿಸುತ್ತ, ಗೋಡೆಯ ಮಗ್ಗುಲಿಗೆ, ನೆರಳಿರುವ ಕಡೆಯೇ ನಡೆದು ಹೋದರು.

ಬೀದಿ ಖಾಲಿಯಾದ ಮೇಲೆ ನೀಲಗಂಗವ್ವ ತಿರುಗಿದರು. ನಾನು ಇನ್ನೂ ಅವರ ಕಾಲ ಬಳಿಯ ನೆಲವನ್ನೇ ನೋಡುತ್ತಿದ್ದೆ. ಅವರು ಎಷ್ಟು ಹೊತ್ತಿನಿಂದ ನನ್ನ ಮುಖ ನೋಡುತ್ತಿದ್ದರೋ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. ನಾನು ತಲೆಯೆತ್ತಿ ಅದನ್ನು ಕಂಡಾಗ, ಅಷ್ಟು ಹೊತ್ತು ನಾನೂ ಊರಿನ ಉಳಿದವರ ಹಾಗೆ ಎಲ್ಲಿ ನೋಡುತ್ತಿದ್ದೆ ಎಂಬುದು ಹೊಳೆದು, ಕಿವಿಯ ತನಕ ಬಿಸಿಯಾಯಿತು.

"ಹೊಂಟೆಪಾ," ಎಂದರು.

ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ನಡೆದೆ. ಮನೆ ಮುಟ್ಟುವವರೆಗೆ ನಾನು ನೆಲ ನೋಡಲಿಲ್ಲ.